ದಂಡೆ ಮೇಷ್ಟ್ರು

“ಬೇರೆಯವರು ಮನೆಗೆ ಹೆಂಡ್ತಿ ತರ್ತಾರೆ, ಈ ಮಹಾರಾಯ ಬಕೆಟ್‌ಗಟ್ಟಲೆ ಹಸಿ ಕಡ್ಡಿ ತರ್ತಾನೆ” ಎಂದು ಓಣಿಯವರು ದಂಡೆ ಮೇಷ್ಟ್ರನ್ನು ಆಡಿಕೊಳ್ಳುತ್ತಿದ್ದರು. ಹಳ್ಳದ ದಂಡೆ ಕುಸಿಯದಂತೆ ಬೇರು ಬಿಡುವ ಹಸಿ ಕಡ್ಡಿ ನೆಟ್ಟು ಮಣ್ಣು ಹಿಡಿಸುವುದನ್ನು ಎಂಜಿನಿಯರುಗಳಿಗೆ ಕಲಿಸುವುದು ಅವರ ಕಸುಬು. ಊರೂರು ತಿರುಗಿ ತರಬೇತಿ, ಊರಿಗೊಂದು ಬಾಡಿಗೆ ಕೋಣೆ. ಯಾರಾದರೂ ಕಡ್ಡಿಯನ್ನು ತಲೆಕೆಳಗಾಗಿ ನೆಟ್ಟರೆ, “ನಿಮ್ಮನ್ನ ಹಂಗೆ ನಿಲ್ಲಿಸಿದ್ರೆ ಚಿಗುರ್ತೀರೇನ್ರೀ?” ಎಂದು ಗದರುವರು. ತಮ್ಮ ಕೋಣೆಯ ಗೋಡೆಗೆ ಮಾತ್ರ ಒಂದು ಮೊಳೆ ಹೊಡೆದವರಲ್ಲ. ಅಂಗಿಗಳು ಸದಾ ಪೆಟ್ಟಿಗೆಯಲ್ಲೇ. ತರಬೇತಿ ಮುಗಿದ ಬೆಳಿಗ್ಗೆ, ಬೇರು ಬಿಟ್ಟ ಕಡ್ಡಿಗಳ ಬಕೆಟ್ಟನ್ನು ಎದುರುಮನೆಯಾಕೆಯ ಹೊಸ್ತಿಲಲ್ಲಿಟ್ಟರು. “ಹಳ್ಳದ ದಂಡೇಲಿ ಹತ್ತಿರ ಹತ್ತಿರ ನೆಡಿ ಅಕ್ಕಾ. ಒಂಟಿ ಕಡ್ಡಿ ಮೊದಲ ನೀರಿಗೇ ಕೊಚ್ಚಿಹೋಗುತ್ತೆ.” “ನೀವೂ ಇಲ್ಲೇ ಇದ್ದುಬಿಡಬಾರ್ದಾ ಮೇಷ್ಟ್ರೇ?” ಎಂದಳಾಕೆ. ಮೇಷ್ಟ್ರು ಅರೆಗಳಿಗೆ ಬಕೆಟ್ಟನ್ನೇ ನೋಡಿದರು. “ಮುಂದಿನೂರಲ್ಲಿ ದಂಡೆ ಕುಸೀತಿದೆಯಂತೆ” ಎಂದು ಪೆಟ್ಟಿಗೆ ಎತ್ತಿಕೊಂಡು, ಒಬ್ಬರೇ ಮೆಟ್ಟಿಲಿಳಿದರು.