ಉಗುಳಿದ ಗುಟುಕು

ಅದು ಈ ಜನ್ಮದಲ್ಲಿ ಆಗುವ ಮಾತಲ್ಲ ಎಂದವಳು ನಮ್ಮಜ್ಜಿ, ನಮ್ಮಪ್ಪನ ತಾಯಿ. ‘ಸೀಸೆ ಮುಟ್ಟಿದ ಕೈಯಿಂದ ನಾನು ಮುದ್ದೆ ಉಣ್ಣದಾ? ಸತ್ರೂ ಆಗಕಿಲ್ಲ ಕಣ್ಲಾ’ ಎಂದು ನನ್ನ ಮುಖಕ್ಕೇ ಹೇಳಿ, ಮಂಡ್ಯದ ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಬೇರೆ ಒಲೆ ಹಚ್ಚಿದಳು. ಆ ಕೈ ನಮ್ಮವ್ವನದು. ಅಜ್ಜಿಗೆ ಸುದ್ದಿ ಮುಟ್ಟಿಸಿದ ಬಾಯಿ ನನ್ನದು.

ಅಜ್ಜಿಯ ಸಿಟ್ಟಿಗೆ ಕಾರಣವಿತ್ತು. ನಮ್ಮಪ್ಪ ನಮ್ಮೂರು ಕೆರಗೋಡಿನಲ್ಲಿ ಹೆಂಡದಿಂದ ಶುರುಮಾಡಿ ಸಾರಾಯಿಗೆ ಬಂದು, ನನಗೆ ಎಂಟು ತುಂಬುವುದರೊಳಗೆ ಸತ್ತ. ತಿಥಿಯ ದಿನ ಅಜ್ಜಿ ಸೊಸೆಯ ಅಂಗೈ ಮೇಲೆ ಕರ್ಪೂರ ಹಚ್ಚಿಸಿ ಆಣೆ ಮಾಡಿಸಿದಳು: ‘ಇಂಥದ್ದನ್ನ ಒಂದು ತೊಟ್ಟೂ ಗಂಟಲಿಂದ ಕೆಳಕ್ಕೆ ಇಳಿಸಕಿಲ್ಲ, ಮಗಂಗೂ ಇಳಿಸಾಕೆ ಬುಡಕಿಲ್ಲ.’ ಆ ಸುಟ್ಟ ಕಲೆ ಅವ್ವನ ಬಲ ಅಂಗೈಯಲ್ಲಿ ಕೊನೆಯವರೆಗೂ ಇತ್ತು.

ನಾವು ಮೂವರೂ ಮಂಡ್ಯಕ್ಕೆ ಬಂದ ಮೇಲೆ, ಎರಡನೇ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ, ಪಕ್ಕದ ಮನೆಯ ಮೆಕ್ಯಾನಿಕ್ ಸಾಬರು ಅವ್ವನಿಗೆ ಒಂದು ಕೆಲಸ ಹುಡುಕಿಕೊಟ್ಟರು. ಸಕ್ಕರೆ ಕಾರ್ಖಾನೆಯ ಯಂತ್ರಗಳ ಉಸ್ತುವಾರಿಗೆ ಹಡಗು ಹತ್ತಿ ಬಂದಿದ್ದ ಒಬ್ಬ ಒಂಟಿ ಬಿಳಿ ದೊರೆಯ ಬಂಗಲೆಯಲ್ಲಿ ಅಡುಗೆ. ‘ಬಟ್ಲರ್ ಮಾಡೋ ಕಟ್ಲೆಟ್ ತಿಂದು ತಿಂದು ಆ ಮನುಷ್ಯ ಸೊರಗವ್ನೆ ಕಣಮ್ಮ, ನೀನು ಮನೇಲಿ ಮಾಡೋದನ್ನೇ ಮಾಡಾಕು’ ಎಂದರು. ಅವ್ವ ಅದನ್ನೇ ಮಾಡಿದಳು. ಶನಿವಾರ ಭಾನುವಾರ ದೊರೆ ಮೈಸೂರಿನ ಕ್ಲಬ್ಬಿಗೆ ಹೋಗುತ್ತಿದ್ದ. ಉಳಿದ ಐದು ಸಂಜೆ ಮುದ್ದೆ, ಸೊಪ್ಪಿನ ಸಾರು, ಹುರುಳಿ, ಮಾಂಸ ಏನಿದ್ದರೂ ಸರಿ, ಪಕ್ಕದಲ್ಲಿ ಒಂದು ಲೋಟ ಕೆಂಪು ವೈನು ಇರಬೇಕು. ದುಬಾರಿಯದೇನಲ್ಲ. ‘ನಿಮಗೆ ಊಟದ ಜೊತೆ ಮಜ್ಜಿಗೆ ಹೇಗೋ ನಮ್ಮೂರಲ್ಲಿ ಇದು ಹಾಗೆ’ ಎನ್ನುತ್ತಿದ್ದ. ಅವ್ವ ಮೊದಮೊದಲು ಆ ಸೀಸೆಯನ್ನು ಸೆರಗಿನಲ್ಲಿ ಹಿಡಿದು ತಂದಿಟ್ಟು, ಕೈ ತೊಳೆದುಕೊಂಡೇ ಒಲೆಯ ಹತ್ತಿರ ಹೋಗುತ್ತಿದ್ದಳು.

ನಮ್ಮವ್ವನ ಅಡುಗೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಬಡಿಸುವ ಮುಂಚೆ ಅವಳು ಏನನ್ನೂ ನಾಲಿಗೆಗೆ ಇಟ್ಟು ನೋಡುತ್ತಿರಲಿಲ್ಲ. ನೋಡಿದರೆ ಎಂಜಲು. ಸಾರು ಕುದಿಯುವಾಗ ಮುಖವನ್ನು ಆವಿಗೆ ಕೊಟ್ಟು ಒಮ್ಮೆ ಮೂಸಿದರೆ ಉಪ್ಪು ಹೆಚ್ಚೋ ಕಮ್ಮಿಯೋ ಗೊತ್ತಾಗುತ್ತಿತ್ತು. ನಾನು ಮುಂದೆ ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿದೆ, ತಕ್ಕಡಿ ಹಿಡಿದು ಗುಲಗಂಜಿಗಿಂತ ಕಮ್ಮಿ ತೂಗಿದೆ. ಆ ಮೂಗಿನ ಲೆಕ್ಕ ಇವತ್ತಿಗೂ ನನಗೆ ಬಂದಿಲ್ಲ.

ನಾಲೆಯ ನೀರು ಬಂದಮೇಲೆ ನಮ್ಮ ಕಡೆ ಕಬ್ಬಿನ ಜೊತೆಗೆ ಸೊಳ್ಳೆಯೂ ಬೆಳೆದಿತ್ತು. ಒಂದು ವರ್ಷ ದೊರೆಗೆ ಮಲೇರಿಯಾ ಹಿಡಿಯಿತು. ವಾರಗಟ್ಟಲೆ ಕ್ವಿನೈನು ನುಂಗಿ ಅವನ ನಾಲಿಗೆ ಸತ್ತುಹೋಯಿತು, ನೀರು ಕೂಡ ಕಹಿ. ಯುದ್ಧದಿಂದಾಗಿ ಅವನೂರಿನ ವೈನು ನಿಂತು, ಗೋವಾ ಕಡೆಯಿಂದ ಹೇಗೋ ಬರುತ್ತಿದ್ದ ಸೀಸೆಗಳಲ್ಲಿ ಅರ್ಧ ಸೆಕೆಗೆ ಹುಳಿತಿರುತ್ತಿದ್ದವು. ಯಾವುದು ಕೆಟ್ಟಿದೆ, ಯಾವುದು ನೆಟ್ಟಗಿದೆ ಎಂದು ಅವನಿಗೇ ತಿಳಿಯದು. ಕಾಲೇಜಿನ ರಜೆಗೆ ಬಂದಿದ್ದ ನನ್ನನ್ನು ಕರೆದು ಹೇಳಿದ: ‘ನಿನ್ನ ತಾಯಿ ಒಂದು ಗುಟುಕು ರುಚಿ ನೋಡಿ ಹೇಳಲಿ. ಈ ಮನೆಯಲ್ಲಿ ನಾಲಿಗೆ ಅಂತ ಇರುವುದು ಅವಳೊಬ್ಬಳಿಗೇ.’

ನಾನು ಕನ್ನಡದಲ್ಲಿ ಹೇಳಿದೆ. ಅವ್ವ ಸೆರಗಿನಲ್ಲಿ ಲೋಟ ಹಿಡಿದು ಒಮ್ಮೆ ಮೂಸಿದಳು.

‘ಗಂಟಲಿಂದ ಕೆಳಕ್ಕೆ ಅಂತ ತಾನೆ ನಾನು ಆಣೆ ಮಾಡಿರದು?’

‘ಊಂ ಕಣವ್ವ.’

‘ಬಾಯಿ ಬ್ಯಾರೆ, ಗಂಟ್ಲು ಬ್ಯಾರೆ’ ಎಂದವಳೇ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಆ ಕೆನ್ನೆಯಿಂದ ಈ ಕೆನ್ನೆಗೆ ಆಡಿಸಿ, ದಡದಡ ಹಿತ್ತಲಿಗೆ ಹೋಗಿ ಬೂದಿಗುಡ್ಡೆಗೆ ಉಗುಳಿ, ಮೂರು ಸಲ ಬಾಯಿ ಮುಕ್ಕಳಿಸಿ ಬಂದಳು. ಕಿಟಕಿಯಿಂದ ಇದನ್ನು ನೋಡಿ ದೊರೆ ಜ್ವರದಲ್ಲೂ ಎದ್ದು ಕುಳಿತ. ಅವನ ದೇಶದಲ್ಲಿ ವೈನಿನ ರುಚಿ ನೋಡುವುದನ್ನೇ ಕಸುಬು ಮಾಡಿಕೊಂಡವರು ಹೀಗೆಯೇ ಉಗುಳುತ್ತಾರಂತೆ.

‘ಅಂಗಾರೆ ಅವ್ರ ಅತ್ತೇರೂ ಆಣೆ ಇಕ್ಸವ್ರಾ?’ ಎಂದಳು ಅವ್ವ.

ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಾಗ ದೊರೆ ಕೆಮ್ಮು ಬರುವವರೆಗೆ ನಕ್ಕ.

ಅಂದಿನಿಂದ ಅವ್ವ ವಾರದ ಐದು ಸಂಜೆಯೂ ಮೊದಲು ಸೀಸೆಯ ರುಚಿ ನೋಡಿ, ಉಗುಳಿ, ಆಮೇಲೆ ಅವತ್ತಿನ ಸಾರು ಯಾವುದೆಂದು ತೀರ್ಮಾನಿಸತೊಡಗಿದಳು. ಹುಣಸೆಹಣ್ಣು ಹಾಕಿದ ಸಾರಿನ ಜೊತೆ ವೈನು ಸೇರುವುದಿಲ್ಲ ಎಂದು ಕಂಡುಹಿಡಿದವಳು ಅವಳೇ. ‘ಇವೆರಡೂ ನಾದಿನಿ ಅತ್ತಿಗೆ ಇದ್ದಂಗೆ ಕಣ್ಲಾ, ಎರಡೂ ಉಳಿ. ಒಂದು ಬಾಯಲ್ಲಿ ಬಾಳಕಿಲ್ಲ.’ ಹುಣಸೆ ಬಿಟ್ಟು ಗಸಗಸೆ, ಕೊಬ್ಬರಿ ಅರೆದು ಹಾಕಿದಳು. ಒಂದು ಸೀಸೆ ಬಾಯಲ್ಲಿ ನೇರಳೆಹಣ್ಣಿನ ಹಾಗೆ ಹಿಡಿಯುತ್ತಿತ್ತು. ‘ಇದು ಒಗರು, ಒಗರಿಗೆ ಕೊಬ್ಬು ಬೇಕು’ ಎಂದು ಬಂಡೂರು ಕುರಿಯ ಮಾಂಸ ತರಿಸಿದಳು. ಇನ್ನೊಂದಕ್ಕೆ ಹೊಸ ಮಡಕೆಯ ವಾಸನೆ ಇತ್ತು, ಅದಕ್ಕೆ ಹುರುಳಿಕಟ್ಟಿನ ಸಾರು. ಸಿಹಿಯಾದದ್ದೊಂದು ಬಂದಾಗ ಮೂಸಿ ನೋಡಿ, ‘ಇದು ಆಲೆಮನೆ. ಊಟಕ್ಕೆ ಬ್ಯಾಡ, ಉಂಡಮ್ಯಾಲೆ ಕುಡಿಯಲಿ’ ಎಂದು ಬದಿಗಿಟ್ಟಳು. ಕ್ವಿನೈನು ಬಿಟ್ಟು ನಾಲಿಗೆ ಮರಳಿದ ಮೇಲೆ ದೊರೆ ಒಂದೊಂದನ್ನೂ ತಾನೇ ಪರೀಕ್ಷೆ ಮಾಡಿದ. ಅವ್ವನ ಮಾತಿನಲ್ಲಿ ಒಂದನ್ನೂ ತಿದ್ದಲಿಲ್ಲ. ನಾಲಿಗೆ ನೆಟ್ಟಗಾದರೂ ಸೀಸೆ ತೆರೆಯುವ ಮುಂಚೆ ಅವಳನ್ನೇ ಕರೆಯುತ್ತಿದ್ದ. ನಮ್ಮ ಪುಸ್ತಕದಲ್ಲಿ ಟ್ಯಾನಿನ್ ಎಂದು ಓದಿ ನಾನು ಮರೆತಿದ್ದನ್ನು ಅವಳು ಒಗರು ಎಂಬ ಒಂದೇ ಮಾತಿನಲ್ಲಿ ಹಿಡಿದು ಅದಕ್ಕೆ ಸಾರು ಕೂಡ ಹೊಂದಿಸಿದ್ದಳು.

ಈ ಹೆಮ್ಮೆ ತಡೆಯಲಾರದೆ ನಾನೇ ಅಜ್ಜಿಯ ಮುಂದೆ ಬಾಯಿ ಬಿಟ್ಟೆ. ಅಜ್ಜಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ ಎದ್ದಳು. ಉಗುಳುತ್ತಾಳೆ ಅಜ್ಜಿ, ನುಂಗಲ್ಲ, ನಾನೇ ನೋಡಿದ್ದೇನೆ ಎಂದೆ.

‘ನೀನು ಅವಳ ಮಗ, ಇನ್ನೇನು ಏಳ್ತೀಯೆ? ಕುಡ್ದಿಲ್ಲ ಅಂತ ನನ್ನ ಮಗನೂ ದಿನಾ ಆಣೆ ಇಕ್ತಿದ್ದ’ ಎಂದಳು.

ಆಗಲೇ ಅಜ್ಜಿ ಬೇರೆ ಒಲೆ ಹೂಡಿದ್ದು. ನಾಲ್ಕು ವರ್ಷ ಅವ್ವ ಬೆಳಗ್ಗೆ ಎದ್ದು ಆ ಮೂರು ಕಲ್ಲಿನ ಪಕ್ಕ ರಾಗಿಹಿಟ್ಟು, ಸೊಪ್ಪು, ಒಣಗಿದ ಸೌದೆ ಇಟ್ಟು ಬಂಗಲೆಗೆ ಹೋಗುತ್ತಿದ್ದಳು. ಅಜ್ಜಿ ಅವನ್ನು ತೆಗೆದುಕೊಂಡು ತಾನೇ ಊದಿ ಬೇಯಿಸಿಕೊಳ್ಳುತ್ತಿದ್ದಳು. ನಾನು ಬಿ.ಎಸ್‌ಸಿ. ಪಾಸಾದ ದಿನ, ನಮ್ಮ ವಂಶದಲ್ಲಿ ಮೊದಲ ಸಲ ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದವನು ನಾನು ಎಂದು ಅಜ್ಜಿ ಬೀದಿಗೆಲ್ಲ ಬೆಲ್ಲ ಹಂಚಿದಳು. ಅವ್ವ ಮಾಡಿದ ಪಾಯಸ ಮಾತ್ರ ಮುಟ್ಟಲಿಲ್ಲ. ಆ ಸಂಜೆ ನನ್ನ ಪಾಲಿನದನ್ನೂ ನಾನು ಹಾಗೇ ಬಿಟ್ಟೆ.

ನಾನು ಮಳವಳ್ಳಿಯಲ್ಲಿ ಮೇಷ್ಟ್ರಾಗಿದ್ದಾಗ, ನಲವತ್ತೇಳರಲ್ಲಿ, ದೊರೆ ಊರಿಗೆ ಹೊರಟ. ಅವ್ವನಿಗೆ ಒಂದು ಸರ್ಟಿಫಿಕೇಟು ಬರೆದಿದ್ದ. ಇಂಥ ಅಡುಗೆ, ಇಂಥ ನಾಲಿಗೆ ತಾನು ಎಲ್ಲೂ ಕಂಡಿಲ್ಲ ಎಂದು. ಓದಿ ನೋಡಿ, ಇನ್ನೊಂದು ಸಾಲು ಬೇಕು ಸರ್ ಎಂದೆ. ಅಜ್ಜಿಯ ಒಲೆಯ ಕತೆಯನ್ನು ಅವನು ಅದೇ ಮೊದಲು ಕೇಳಿದ್ದು. ನಗುತ್ತಾನೆ ಅಂದುಕೊಂಡಿದ್ದೆ, ನಗಲಿಲ್ಲ. ಪೆನ್ನು ತೆಗೆದು ಬರೆದು, ಎದ್ದು ನಿಂತು ಎರಡೂ ಕೈಯಲ್ಲಿ ಅವ್ವನಿಗೆ ಕೊಟ್ಟ.

ನಾವು ಮನೆಗೆ ಬಂದಾಗ ಅಜ್ಜಿ ಹಿತ್ತಲಲ್ಲಿ ಮಳೆಗೆ ನೆಂದ ಸೌದೆ ಊದುತ್ತಿದ್ದಳು, ಕಣ್ಣಲ್ಲಿ ನೀರು. ಅವ್ವ ಕಾಗದವನ್ನು ಅತ್ತೆಯ ಕೈಗೆ ಕೊಟ್ಟಳು. ಅಜ್ಜಿ ಅದನ್ನು ನನಗೆ ದಾಟಿಸಿದಳು. ನಾನು ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳುತ್ತಾ ಕೊನೆಯದಕ್ಕೆ ಬಂದೆ: ‘ಇಷ್ಟು ವರ್ಷದಲ್ಲಿ ಈಕೆ ಒಂದು ತೊಟ್ಟನ್ನೂ ನುಂಗಿದ್ದಿಲ್ಲ. ಪ್ರತಿಯೊಂದು ಗುಟುಕನ್ನೂ ಉಗುಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.’

‘ಉಗುದ್ಲು ಅಂತ ದೊರೇನೇ ಬರ್ದವ್ನಾ?’

‘ಅವನೇ ಕಣಜ್ಜಿ.’

‘ನೀನು ಸೇರ್ಸಿ ಓದ್ತಿಲ್ವಲ್ಲ?’

‘ಇಲ್ಲ, ನಿನ್ನಾಣೆ.’

ಅಜ್ಜಿ ಆ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಸಿ ಸೊಸೆಯ ಕೈಗಿಟ್ಟಳು. ಇಟ್ಟ ಮೇಲೂ ಸುಟ್ಟ ಕಲೆಯಿದ್ದ ಆ ಅಂಗೈಯನ್ನು ಬಿಡಲಿಲ್ಲ.

‘ಊದಿ ಊದಿ ಸಾಕಾಗದೆ ಕಣವ್ವ. ಒಳಗ್ ನಡಿ, ಮುದ್ದೆ ಇಕ್ಕು.’