ಬಣ್ಣ ಬಿಟ್ಟ ಕುಬಸ

ಆಗ ನನಗೆ ಹನ್ನೊಂದು ವರ್ಷ. ಅದಾಗಿ ಎಪ್ಪತ್ತು ವರ್ಷ ದಾಟಿತು. ವಿಜಾಪುರದ ಒಂದು ಮನೆಯಲ್ಲಿ ನಾನು ಕಸ ಹೊಡೆಯುತ್ತಿದ್ದೆ, ತಿಕೋಟಾದಿಂದ ಬಂದ ಹೆಂಗಸು ಬೂದಿ ಹಚ್ಚಿ ಪಾತ್ರೆ-ಭಾಂಡೆ ತಿಕ್ಕುತ್ತಿದ್ದಳು. ಮಗಳನ್ನು ಊರಲ್ಲೇ ತಾಯಿಯ ಹತ್ತಿರ ಬಿಟ್ಟಿದ್ದಳು. ಓಣಿಯಲ್ಲಿ ಇಲಿ ಸತ್ತು ಬಿದ್ದು ಪ್ಲೇಗ್ ಬಂದಾಗ, ಬೂದಿ ಕೈಯಲ್ಲೇ ಬಾಗಿಲಿಗೆ ಓಡಿ ತಿಕೋಟಾದ ಗಾಡಿಯವನನ್ನು ದಿನಾ ಕೇಳುತ್ತಿದ್ದಳು: "ಯಣ್ಣಾ, ನಮ್ಮೂರಾಗ ಇಲಿ ಬಿದ್ದಾವೇನು?"

"ಇಲ್ಲಬೇ. ನೀನೂ ಊರಿಗೆ ಬಂದ್ಬಿಡು."

"ಬ್ಯಾನಿ ನನ್ನ ಕೂಡ ಗಾಡಿ ಹತ್ತಿದ್ರ ಇಳಸ್ತೀಯೇನು?"

ಮಗಳಿಗೆ ಹೊಲಿದ ಕುಬಸವನ್ನು, ರೋಗ ಅಂಟಿರಬಾರದೆಂದು, ಮೂರು ಸಲ ಕುದಿಸಿದಳು. ಬಣ್ಣವೆಲ್ಲ ಹೋಯಿತು. ಮೂಸಿ ನೋಡಿ, "ನನ್ನ ವಾಸನಿನೂ ಹೋತಲ್ಲ" ಎಂದಳು. ಆದರೂ ಗಾಡಿಯವನ ಕೈಯಲ್ಲಿ ಕಳಿಸಿದಳು.

ವಾರದಲ್ಲಿ ಅವಳಿಗೇ ಜ್ವರ ಬಂತು. ಊರ ಹೊರಗೆ ಪ್ಲೇಗಿನವರಿಗೆಂದು ಹಾಕಿದ್ದ ಗುಡಿಸಲಿಗೆ ಒಯ್ದರು, ಸಂಜೆಗೆ ತೀರಿಕೊಂಡಳು.

ಮರುದಿನ ಮುಂಜಾನೆ ಗಾಡಿಯವನನ್ನು ನಾನೇ ಕೇಳಿದೆ. ಇಲಿ ಬಿದ್ದಿಲ್ಲ ಎಂದ. ಒಳಗೆ ಹೋಗಿ ಭಾಂಡೆ ತಿಕ್ಕಿದೆ.