ಇದ್ದಿಲ ಹಡಗಿನ ಕಪ್ತಾನ

ಇಂದು ಜನ ನನ್ನನ್ನು ನಗೆಬರಹಗಾರ ಎನ್ನುತ್ತಾರೆ. ಆದರೆ ನಾನು ಮೊದಲು ಪೆನ್ನು ಹಿಡಿದದ್ದು ಯಾರನ್ನೂ ನಗಿಸುವುದಕ್ಕಲ್ಲ, ಒಬ್ಬನ ಮೇಲೆ ಸೇಡು ತೀರಿಸಿಕೊಳ್ಳುವುದಕ್ಕೆ. ಆತ ಚನ್ನಗಿರಿಯಿಂದ ಜಗಳೂರಿಗೆ ಹೋಗುವ ಬಸ್ಸಿನ ಏಜೆಂಟ್. ಬಸ್ಸಿನಲ್ಲೇ ಓಡಾಡಿಕೊಂಡು ಟಿಕೆಟ್ ಹರಿಯುವವನೂ ಅವನೇ.

ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನಿಂದ ಓಡುತ್ತಿದ್ದವು. ನಾನು ಚನ್ನಗಿರಿಯಲ್ಲಿ ಶಾಲೆಯ ಮೇಷ್ಟ್ರು. ನನ್ನನ್ನು ನೋಡಲು ಬಂದಿದ್ದ ಅಪ್ಪ ಜ್ವರದಲ್ಲೇ ಜಗಳೂರಿನ ಮನೆಗೆ ಹೊರಟರು. ದಾರಿಯಲ್ಲಿ ಒಬ್ಬ ಅಡಿಕೆ ಸಾಹುಕಾರ ಕೈ ಅಡ್ಡ ಹಿಡಿದ. ಬಸ್ಸಿನಲ್ಲಿ ಜಾಗವಿಲ್ಲ. ಏಜೆಂಟ್ ಅಪ್ಪನನ್ನು ಇಳಿಸಿ, ಚೀಲವನ್ನೂ ತಾನೇ ಕೆಳಗಿಟ್ಟು, “ಯಜಮಾನ್ರೇ, ನಿಮ್ ಕಾಲು ಗಟ್ಟಿ ಅದಾವೆ, ನಡ್ಕಂಡ್ ಹೋಗ್ರಿ” ಅಂದನಂತೆ. ಒಂದು ಮರವೂ ಇಲ್ಲದ ಬಯಲು, ಸುಡುವ ಬಿಸಿಲು. ಅಪ್ಪ ಹೇಗೋ ಮನೆ ಮುಟ್ಟಿ ಹಾಸಿಗೆ ಹಿಡಿದರು. ಎದ್ದ ಮೇಲೂ ಒಂದು ಕಾಲನ್ನು ಎಳೆದುಕೊಂಡೇ ನಡೆದರು.

ಹೋಗಿ ನಾಲ್ಕು ಬಾರಿಸೋಣವೆಂದರೆ ನಾನು ಕಡ್ಡಿ ಪೈಲ್ವಾನ. ಹುಡುಗರ ಮಾಸಪತ್ರಿಕೆಯೊಂದಕ್ಕೆ ಸುಳ್ಳು ಹೆಸರಿನಲ್ಲಿ ಸಾಹಸದ ಧಾರಾವಾಹಿ ಶುರುಮಾಡಿದೆ. ನ್ಯಾಮತಿಯ ಇಬ್ಬರು ಹುಡುಗರು ಹೊನ್ನಾಳಿಯ ಹೊಳೆಯಲ್ಲಿ ಹರಿಗೋಲು ಹತ್ತಿ ಸಮುದ್ರ ಸೇರಿ, ಅಲ್ಲೊಂದು ಹಡಗು ಏರುತ್ತಾರೆ. ಸಮುದ್ರವನ್ನು ನಾನು ಕಂಡವನಲ್ಲ, ಕಂಡಿದ್ದೆಲ್ಲ ಬಸ್ಸು. ಹಾಗಾಗಿ ನನ್ನ ಹಡಗು ನಡುನೀರಿನಲ್ಲಿ ಕೆಮ್ಮಿ ನಿಲ್ಲುತ್ತಿತ್ತು, ನಾವಿಕರು ಇಳಿದು ಇದ್ದಿಲಿಗೆ ಗಾಳಿ ಹಾಕುತ್ತಿದ್ದರು. ಎಲ್ಲಿಗೆ ಇಳಿಯುತ್ತಿದ್ದರೋ, ಸಂಪಾದಕರೂ ಕೇಳಲಿಲ್ಲ. ಕಪ್ತಾನನಿಗೆ ಏಜೆಂಟನ ಪೊದೆಹುಬ್ಬು, ಟಿಕೆಟ್ ಹರಿಯುವ ಎಂಜಲು ಬೆರಳು ಎರಡನ್ನೂ ಕೊಟ್ಟೆ. ಮೊದಲ ಕಂತಿನಲ್ಲೇ ಅವನು ವರ್ತಕನೊಬ್ಬನಿಗೆ ಜಾಗ ಮಾಡಲು ಕಾಯಿಲೆಯ ಮುದುಕನನ್ನು ಬೋಳು ದ್ವೀಪದಲ್ಲಿ ಇಳಿಸುತ್ತಾನೆ.

ಇದ್ದಿಲು ಕಾವೇರುವ ತನಕ ಪ್ರಯಾಣಿಕರು ಬಸ್ಸಿನಲ್ಲಿ ಸುಮ್ಮನೆ ಕೂತಿರಬೇಕಿತ್ತು. ಆಗ ಓದು ಬಲ್ಲವರೊಬ್ಬರು ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಹೇಳುವುದು ರೂಢಿ. ಹೊಸ ಸಂಚಿಕೆ ಬಂದಾಗಲೆಲ್ಲ ಆ ಕೆಲಸಕ್ಕೆ ನಾನೇ ಹಾಜರ್. ಏಜೆಂಟನಿಗೆ ಓದು ಬಾರದು, ಕಥೆಯ ಹುಚ್ಚು ಮಾತ್ರ ವಿಪರೀತ. ಅವನ ಮುಖ ಕಪ್ಪಿಡುವುದನ್ನು ಕಣ್ತುಂಬ ನೋಡಬೇಕೆಂದು ನಾನು ಓದಿದೆ. ಆ ಪುಣ್ಯಾತ್ಮನಿಗೆ ತನ್ನ ಗುರುತೇ ಹತ್ತಲಿಲ್ಲ! ಕಪ್ತಾನನ ಮೇಲೆ ಅವನಿಗೇ ಎಲ್ಲರಿಗಿಂತ ಹೆಚ್ಚು ಸಿಟ್ಟು.

“ಆ ಕಪ್ತಾನನ್ನೂ ಅಂಥದೇ ದ್ವೀಪದಾಗೆ ಇಳಿಸ್ಬೇಕ್ರೀ ಮೇಷ್ಟ್ರೇ! ಕುಡಿಯಾಕೆ ಹನಿ ನೀರು ಕೊಡಬಾರ್ದು!”

“ನೋಡೋಣ, ಬರೆಯೋರು ಏನು ಮಾಡ್ತಾರೋ” ಎಂದೆ. ಹೊಟ್ಟೆಯೊಳಗೆ ಹಾಲು ಕುಡಿದಷ್ಟು ಸಂತೋಷ. ಶಿಕ್ಷೆಯನ್ನು ಅವನೇ ಬರೆಸಿದ್ದ.

ಕೊನೆಯ ಕಂತು ಬರುವ ಹೊತ್ತಿಗೆ ಅಪ್ಪನನ್ನು ಬೇಕೆಂದೇ ಚನ್ನಗಿರಿಗೆ ಕರೆಸಿಕೊಂಡೆ. ಊರಿಗೆ ಹಿಂತಿರುಗುವ ದಿನ ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿ, ಪಕ್ಕದಲ್ಲಿ ನಿಂತು ಓದಿದೆ. ನಾವಿಕರು ಕಪ್ತಾನನನ್ನು ಬೋಳು ದ್ವೀಪಕ್ಕೆ ತಳ್ಳುತ್ತಾರೆ. ಅವನು ಕೈಮುಗಿಯುತ್ತಾನೆ. ಅಲ್ಲಿಯವರೆಗೆ ಬಚ್ಚಿಟ್ಟುಕೊಂಡಿದ್ದ ಮಾತನ್ನು ಒಬ್ಬ ನಾವಿಕನ ಬಾಯಲ್ಲಿ ಇಟ್ಟಿದ್ದೆ. ಬಿಡಿಬಿಡಿಸಿ ಓದಿದೆ: “ಯಜಮಾನ್ರೇ, ನಿಮ್ ಕಾಲು ಗಟ್ಟಿ ಅದಾವೆ, ನಡ್ಕಂಡ್ ಹೋಗ್ರಿ.”

ಬಸ್ಸಿಗೆ ಬಸ್ಸೇ ಕೇಕೆ ಹಾಕಿತು. ಏಜೆಂಟನ ಕಣ್ಣು ಮಾತ್ರ ನನ್ನಿಂದ ಅಪ್ಪನ ಕಡೆಗೆ, ಅಪ್ಪನ ಮುಖದಿಂದ ಕಾಲಿಗೆ ಇಳಿಯಿತು. ಟಿಕೆಟ್ ಹರಿಯಲು ಎತ್ತಿದ್ದ ಬೆರಳು ನಾಲಗೆಯ ಹತ್ತಿರವೇ ನಿಂತುಬಿಟ್ಟಿತು. ಆ ಮುಖ ನೋಡಲೆಂದೇ ನಾನು ಅಷ್ಟು ತಿಂಗಳು ಹಡಗು ನಡೆಸಿದ್ದೆ. ನೋಡಿದೆ, ಇನ್ನೂ ನೋಡಬೇಕೆನ್ನಿಸಿತು.

ಅಷ್ಟರಲ್ಲಿ ಅಪ್ಪ ಎಳೆಯುವ ಕಾಲನ್ನು ಕೈಯಿಂದ ಪಕ್ಕಕ್ಕೆ ಸರಿಸಿಕೊಂಡು, ಸೀಟು ತಟ್ಟಿದರು.

“ಬಾರಪ್ಪ, ಕುಂತ್ಕ. ಬಿಸ್ಲು ಜೋರೈತೆ.”

ಅವನು ತುದಿಯಲ್ಲಿ ಕೂತ. ನಾನು ಅಷ್ಟು ಕಷ್ಟಪಟ್ಟು ದ್ವೀಪಕ್ಕೆ ಇಳಿಸಿದವನನ್ನು ಅಪ್ಪ ಒಂದೇ ಮಾತಿಗೆ ಹತ್ತಿಸಿಕೊಂಡುಬಿಟ್ಟರು. ಏಜೆಂಟನನ್ನು ನಾನು ಇಂದಿಗೂ ಕ್ಷಮಿಸಿಲ್ಲ, ಅಪ್ಪನನ್ನೂ ಕೂಡ.